ತೋಳಿಂದ ತೋಳಿಗೆ

ಎಲ್ರಿಗೂ ನಮಸ್ಕಾರ. ಹಿಂದೆ ಕೂತಿರೋರಿಗೆ ಕೇಳಿಸ್ತಿದ್ಯಾ? ಆ ಫ್ಯಾನು ಒಂಚೂರು ಕಮ್ಮಿ ಮಾಡಪ್ಪ, ಸದ್ದು ಜಾಸ್ತಿ. ಹಾಂ, ಸಾಕು. ಮೂವತ್ತೆಂಟು ವರ್ಷ ಈ ಚಿಕ್ಕಬಳ್ಳಾಪುರ, ಗುಡಿಬಂಡೆ, ಬಾಗೇಪಲ್ಲಿ ಸುತ್ತ ಹಳ್ಳಿಗಳಲ್ಲಿ ಸಿಸ್ಟರ್ ಆಗಿ ಕೆಲಸ ಮಾಡಿದೀನಿ, ಭುಜಕ್ಕೆ ಲಸಿಕೆ ಡಬ್ಬಿ ನೇತಾಕ್ಕೊಂಡು ನಡೆದಿದೀನಿ, ಜಗುಲಿ ಮೇಲೆ ನಿಂತು ಮಾತಾಡಿ ಅಭ್ಯಾಸ, ಕರೆಂಟು ಹೋದ್ರೂ ನಿಲ್ಸಲ್ಲ.

ಇವತ್ತು ಮೇ 14. 1796ರಲ್ಲಿ ಇದೇ ದಿನ ಇಂಗ್ಲೆಂಡಿನ ಬರ್ಕ್ಲಿ ಅನ್ನೋ ಸಣ್ಣ ಊರಲ್ಲಿ ಎಡ್ವರ್ಡ್ ಜೆನ್ನರ್ ಅನ್ನೋ ಡಾಕ್ಟ್ರು ಎಂಟು ವರ್ಷದ ಹುಡುಗನ ತೋಳಿಗೆ ಸಿಡುಬು ಬರ್ದಿರ್ಲಿ ಅಂತ ದಾಕು, ಅಂದ್ರೆ ಲಸಿಕೆ, ಹಾಕಿದ್ರು. ಇದು ನೀವೆಲ್ಲ ಸ್ಕೂಲಲ್ಲೇ ಓದಿರೋದು, ಜೆನ್ನರ್ ಹೆಸರು ಗೊತ್ತಿಲ್ದೇ ಇರೋರು ಈ ಹಾಲ್‌ನಲ್ಲಿ ಯಾರೂ ಇಲ್ಲ ಅನ್ಕೋತೀನಿ. ನಾನು ಕೇಳೋದು ಬೇರೆ. ಆ ತೋಳು ಯಾರದು? ಹುಡುಗನ ಹೆಸರು ಯಾರಿಗಾದ್ರೂ ನೆನಪಿದ್ಯಾ? ... ನೋಡಿದ್ರಾ. ಇದೇ ನನ್ನ ಹೊಟ್ಟೆ ಉರಿ. ಈ ಪ್ರಶ್ನೆ ಇವತ್ತು ಪದೇ ಪದೇ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ.

ನಾನು ಇವತ್ತು ಬರೋಕೆ ಒಪ್ಪಿಕೊಂಡಿದ್ದು ಯಾಕೆ ಅಂತ ಮೊದ್ಲು ಹೇಳಿಬಿಡ್ತೀನಿ. ಹೋದ ತಿಂಗ್ಳು ನಮ್ಮ ಬೀದಿ ಕೊನೇಲಿರೋ ವಠಾರದಲ್ಲಿ ಒಂದು ಮನೆ ಬಾಗಿಲಿಗೆ ಬೇವಿನಸೊಪ್ಪು ಸಿಕ್ಸಿದ್ರು. ನಾನು ಹೋಗಿ ಏನಮ್ಮ ಅಂದೆ, ಒಳಗಿಂದ ಅಜ್ಜಿ, "ಅಮ್ಮ ಬಂದವ್ಳೆ ಕಣಕ್ಕ, ಒಳಕ್ಕೆ ಬರ್ಬೇಡ" ಅಂದ್ರು. ಮಗೂಗೆ ದಡಾರ. ಮೂರು ವರ್ಷದ ಕೂಸು, ಕಣ್ಣು ಕೆಂಪಗೆ, ಕೆಮ್ಮು. ಒಂಬತ್ತು ತಿಂಗ್ಳಿಗೆ ಹಾಕ್ಸಿದ ಎಂ.ಆರ್., ಅಂದ್ರೆ ದಡಾರ-ರುಬೆಲ್ಲಾ ಇಂಜೆಕ್ಷನ್ನು ಕಾರ್ಡಲ್ಲಿದೆ, ಹದಿನಾರು ತಿಂಗ್ಳಾದ್ಮೇಲೆ ಹಾಕಿಸ್ಬೇಕಾದ ಎರಡನೇದು ಇಲ್ಲ, ಆಗ ಅವ್ರು ಗುಲಾಬಿ ತೋಟದ ಕೆಲಸಕ್ಕೆ ಬೇರೆ ಊರಲ್ಲಿದ್ರಂತೆ. ಅದು ತಪ್ಪು ಅಂತ ನಾನು ಹೇಳಲ್ಲ, ಹೊಟ್ಟೆಪಾಡು. ಆದ್ರೆ ಆ ತಾಯಿ ಐದು ದಿನ ಯಾರಿಗೂ ಹೇಳಿರ್ಲಿಲ್ಲ, ಆಶಾ ಅಕ್ಕನಿಗೂ ಹೇಳಿರ್ಲಿಲ್ಲ. ಯಾಕಮ್ಮ ಅಂದ್ರೆ, "ಹೇಳಿದ್ರೆ ಬೈತಾರೆ ಅಂತ ಭಯ ಆಯ್ತು". ಅಷ್ಟರಲ್ಲಿ ಅದೇ ವಠಾರದ ಇನ್ನೆರಡು ಮಕ್ಕಳಿಗೂ ಬಂತು. ಮೂರೂ ಮಕ್ಕಳು ಈಗ ಚೆನ್ನಾಗಿವೆ. ಆದ್ರೆ ಅವತ್ತು ರಾತ್ರಿ ನನಗೆ ನಿದ್ದೆ ಬರ್ಲಿಲ್ಲ, ಬಾಗಿಲು ಹಾಕ್ಕೊಂಡು ಕೂರೋ ಈ ಭಯ ನಮ್ಮಪ್ಪನ ಕಾಲದಲ್ಲಿ ಹೇಗಿತ್ತೋ ಈಗ್ಲೂ ಹಾಗೇ ಇದ್ಯಲ್ಲ ಅಂತ.

ಈಗ ಸಿಡುಬು. ಇಲ್ಲಿ ಕೂತಿರೋ ಹುಡುಗ್ರು ಯಾರೂ ಇದನ್ನ ನೋಡಿಲ್ಲ, ನಾನೂ ರೋಗ ನೋಡಿಲ್ಲ, ಅದು ಬಿಟ್ಟುಹೋದ ಮುಖ ನೋಡಿದೀನಿ, ನಮ್ಮಜ್ಜಿದು. ಮುಖ ತುಂಬ ಹಳ್ಳ, ರಾಗಿಕಲ್ಲಿಗೆ ಮುಳ್ಳು ಹುಯ್ಯಿಸ್ತಾರಲ್ಲ ಹಾಗೆ, ಒಂದು ಕಣ್ಣು ಬೆಳ್ಳಗೆ. ಚಿಕ್ಕವಳಿದ್ದಾಗ ನಾನು ಅವರ ತೊಡೆ ಮೇಲೆ ಮಲಗಿ ಆ ಹಳ್ಳಗಳನ್ನ ಬೆರಳಲ್ಲಿ ಎಣಿಸ್ತಿದ್ದೆ, ಅವ್ರು ನಗ್ತಿದ್ರು. ಮೂರು ಜನ ಅಕ್ಕತಂಗಿಯರು ಒಂದೇ ವಾರ ಮಲಗಿದ್ರಂತೆ, ಎದ್ದಿದ್ದು ಇಬ್ರು. ಡಾಕ್ಟ್ರುಗಳ ಲೆಕ್ಕವೂ ಹತ್ರ ಹತ್ರ ಅದೇ, ದೊಡ್ಡ ಸಿಡುಬು ಬಂದ ನೂರು ಜನದಲ್ಲಿ ಮೂವತ್ತು ಜನ ಸಾಯ್ತಿದ್ರು. ಮೊದ್ಲು ಎರಡು ಮೂರು ದಿನ ವಿಪರೀತ ಜ್ವರ, ಸೊಂಟನೋವು, ಆಮೇಲೆ ಬಾಯೊಳಗೆ ಹುಣ್ಣು, ಮುಖ, ಕೈ, ಕಾಲು, ಅಂಗೈ ಅಂಗಾಲಲ್ಲೂ ಗುಳ್ಳೆ. ಸೀತಾಳೆ ಸಿಡುಬಿಗೂ ಇದಕ್ಕೂ ವ್ಯತ್ಯಾಸ ಅಲ್ಲೇ ಇರೋದು, ಸೀತಾಳೆ ಹೊಟ್ಟೆ ಬೆನ್ನ ಮೇಲೆ ಜಾಸ್ತಿ, ಮೇಲುಮೇಲಕ್ಕೆ ನೀರುಗುಳ್ಳೆ. ಸಿಡುಬಿನದು ಚರ್ಮದೊಳಗೆ ಕಡಲೆಕಾಳು ಹುದುಗಿಸಿಟ್ಟ ಹಾಗೆ ಗಟ್ಟಿ. ಅಜ್ಜಿ ಹೇಳ್ತಿದ್ರು, ಅಮ್ಮ ಬಂದು ಹೋಗೋವರ್ಗೂ ಮಕ್ಳನ್ನ ಲೆಕ್ಕಕ್ಕೆ ಹಿಡೀತಿರ್ಲಿಲ್ಲ ಕಣೆ ಅಂತ.

ಮಾರಮ್ಮನ ವಿಷಯ ಒಂದು ಮಾತು. ಇದನ್ನ ಮೂಢನಂಬಿಕೆ ಅಂತ ಒಂದೇ ಮಾತಲ್ಲಿ ತಳ್ಳಿಹಾಕೋರ ಜೊತೆ ನಾನು ಜಗಳಕ್ಕೆ ನಿಲ್ತೀನಿ. ಬಾಗಿಲಿಗೆ ಬೇವು ಸಿಕ್ಸಿದ್ರೆ ಹೊರಗಿನೋರು ಒಳಗೆ ಬರ್ಬಾರ್ದು, ಒಳಗಿನೋರು ಹೊರಗೆ ಹೋಗ್ಬಾರ್ದು. ಮನೇಲಿ ಒಗ್ಗರಣೆ ಹಾಕಲ್ಲ, ತಂಪು ಊಟ, ಮಜ್ಜಿಗೆ ಅನ್ನ, ಎಳನೀರು. ಬಾಯೊಳಗೆಲ್ಲ ಹುಣ್ಣಾಗಿರೋ ಮಗೂಗೆ ಇದಕ್ಕಿಂತ ಒಳ್ಳೆ ಪಥ್ಯ ಯಾವ ಡಾಕ್ಟ್ರು ಹೇಳ್ತಿದ್ರು ಆ ಕಾಲದಲ್ಲಿ? ಮದ್ದೇ ಇಲ್ದಿರೋ ರೋಗಕ್ಕೆ ಜನ ಕಂಡ್ಕೊಂಡಿದ್ದ ದಾರಿ ಅದು. ನಾನೂ ಪ್ರತಿವರ್ಷ ಮಾರಮ್ಮಂಗೆ ತಂಬಿಟ್ಟಿನ ಆರತಿ ಹೊರೋಳೇ. ನನ್ನ ತಕರಾರು ಒಂದೇ, ಬೇವು ಕಟ್ಟಿ, ಆದ್ರೆ ಕಟ್ಟಿದೀನಿ ಅಂತ ಹೇಳಿ.

ಜೆನ್ನರ್‌ಗಿಂತ ಮುಂಚೆನೇ ಜನಕ್ಕೆ ಒಂದು ವಿಷಯ ಗೊತ್ತಿತ್ತು, ಒಂದ್ಸಲ ಬಂದೋರಿಗೆ ಇನ್ನೊಂದ್ಸಲ ಬರಲ್ಲ. ಹಂಗಾದ್ರೆ ಬೇಕಂತ್ಲೇ ಸಣ್ಣಗೆ ಬರಿಸ್ಕೊಂಡ್ರೆ ಹೇಗೆ? ಬಂಗಾಳದಲ್ಲಿ ಟೀಕಾದಾರರು ಅಂತ ಇದ್ರು, ಊರೂರು ತಿರುಗಿ ಸಿಡುಬಿನ ಗುಳ್ಳೆಯ ರಸಾನೇ ಸ್ವಲ್ಪ ತಗೊಂಡು ತೋಳಿಗೆ ಗೀರಿ ಹಾಕ್ತಿದ್ರು. ಚೀನಾದಲ್ಲಿ ಒಣಗಿದ ಗುಳ್ಳೆಯ ಹೊಪ್ಪಳೆ ಪುಡಿ ಮಾಡಿ ಮೂಗಿಗೆ ಊದ್ತಿದ್ರು. ಟರ್ಕಿಯಲ್ಲಿ ಮುದುಕಿಯರು ಮಾಡ್ತಿದ್ರು, ಅಲ್ಲಿ ಬ್ರಿಟಿಷ್ ರಾಯಭಾರಿಯ ಹೆಂಡ್ತಿ ಲೇಡಿ ಮೇರಿ ಮಾಂಟೆಗ್ಯೂ ನೋಡಿ 1718ರಲ್ಲಿ ತನ್ನ ಮಗಂಗೆ ಹಾಕ್ಸಿದ್ಲು, 1721ರಲ್ಲಿ ಲಂಡನ್ನಲ್ಲಿ ಮಗಳಿಗೆ. ಅದೇ 1721ರಲ್ಲಿ ಅಮೆರಿಕದ ಬೋಸ್ಟನ್ನಲ್ಲಿ ಸಿಡುಬು ಬಂತು. ಅಲ್ಲಿ ಕಾಟನ್ ಮ್ಯಾಥರ್ ಅನ್ನೋ ಪಾದ್ರಿ ಮನೇಲಿ ಒನೆಸಿಮಸ್ ಅಂತ ಒಬ್ಬ ಆಫ್ರಿಕಾದ ಗುಲಾಮ ಇದ್ದ. ನಿನಗೆ ಸಿಡುಬು ಬಂದಿತ್ತಾ ಅಂತ ಕೇಳಿದ್ದಕ್ಕೆ ಬಂದಿತ್ತು, ಬಂದೂ ಇರ್ಲಿಲ್ಲ ಅಂದ್ನಂತೆ, ತನ್ನ ತೋಳಿನ ಗುರುತು ತೋರ್ಸಿ, ನಮ್ಮೂರಲ್ಲಿ ಹೀಗೆ ಮಾಡ್ತಾರೆ ಅಂತ ವಿವರಿಸ್ದ. ಆ ಮಾತು ಕೇಳಿ ಜಾಬ್ಡಿಯಲ್ ಬಾಯ್ಲ್‌ಸ್ಟನ್ ಅನ್ನೋ ಡಾಕ್ಟ್ರು ಮೊದ್ಲು ತನ್ನ ಮಗನಿಗೇ ಹಾಕ್ದ. ಊರಲ್ಲಿ ತಾನಾಗೇ ರೋಗ ಬಂದೋರಲ್ಲಿ ನೂರಕ್ಕೆ ಹದಿನಾಲ್ಕು ಜನ ಸತ್ರು, ಹಾಕ್ಸಿಕೊಂಡೋರಲ್ಲಿ ನೂರಕ್ಕೆ ಎರಡು. ಬೋಸ್ಟನ್ ಉಳಿಸಿದ್ದು ಯಾರ ತೋಳು? ಒಬ್ಬ ಗುಲಾಮಂದು.

ಆದ್ರೆ ಈ ವಿಧಾನದಲ್ಲಿ ಅಪಾಯ ಇತ್ತು, ಅದು ನಿಜವಾದ ಸಿಡುಬೇ. ಹಾಕ್ಸಿಕೊಂಡೋರು ಕೆಲವರು ಸಾಯ್ತಿದ್ರು, ಪಕ್ಕದವರಿಗೂ ಹರಡ್ತಿದ್ರು. ಜೆನ್ನರ್‌ಗೂ ಚಿಕ್ಕ ಹುಡುಗನಾಗಿದ್ದಾಗ ಇದೇ ಹಾಕಿದ್ರು.

ಈಗ ಹಸು ಕಥೆ. ನಮ್ದು ಹಾಲಿನ ಸೀಮೆ, ಬೆಳಿಗ್ಗೆ ಐದಕ್ಕೆ ಡೇರಿ ಮುಂದೆ ಕ್ಯಾನ್ ಹಿಡ್ಕೊಂಡು ನಿಲ್ಲೋ ಹೆಂಗಸ್ರು ಇಲ್ಲೂ ಒಂದಿಷ್ಟು ಜನ ಇದೀರ, ನಿಮಗೆ ನಾನು ಕೆಚ್ಚಲು ಅಂದ್ರೇನು ಅಂತ ಹೇಳ್ಬೇಕಾಗಿಲ್ಲ. ಇಂಗ್ಲೆಂಡಲ್ಲೂ ಹಾಲು ಕರೆಯೋರು ಹೆಂಗಸ್ರೇ. ಅಲ್ಲಿನ ಹಸುಗಳ ಮೊಲೆ ಮೇಲೆ ಆಗಾಗ ಗುಳ್ಳೆ ಏಳೋದು, ಕರೆಯೋರ ಕೈಗೂ ಅಂಟೋದು, ಒಂದು ವಾರ ಕೈ ನೋವು, ಸ್ವಲ್ಪ ಜ್ವರ, ಆಮೇಲೆ ಸರಿಹೋಗೋದು. ಹಾಗೆ ಕೈಗೆ ಗುಳ್ಳೆ ಎದ್ದೋರಿಗೆ ಸಿಡುಬು ಬರಲ್ಲ ಅಂತ ಹಟ್ಟಿ ಜನಕ್ಕೆಲ್ಲ ಗೊತ್ತಿತ್ತು. ಡಾಕ್ಟ್ರು ಕಂಡುಹಿಡಿದಿದ್ದಲ್ಲ ಅದು, ಹಾಲು ಕರೆಯೋ ಕೈಗಳು ಕಂಡುಹಿಡಿದಿದ್ದು. 1774ರಲ್ಲಿ, ಅಂದ್ರೆ ಜೆನ್ನರ್‌ಗಿಂತ ಇಪ್ಪತ್ತೆರಡು ವರ್ಷ ಮುಂಚೆ, ಬೆಂಜಮಿನ್ ಜೆಸ್ಟಿ ಅಂತ ಒಬ್ಬ ರೈತ ಊರಿಗೆ ಸಿಡುಬು ಬಂದಾಗ ಹೆಂಡ್ತಿ ಮಕ್ಕಳನ್ನ ಪಕ್ಕದೂರ ಹಟ್ಟಿಗೆ ಕರ್ಕೊಂಡು ಹೋಗಿ, ಕಾಲುಚೀಲ ಹೆಣೆಯೋ ಸೂಜಿ ತಗೊಂಡು, ಹಸುವಿನ ಕೆಚ್ಚಲ ಗುಳ್ಳೆಯ ರಸಾನೇ ಹೆಂಡ್ತಿ ತೋಳಿಗೂ ಇಬ್ರು ಗಂಡುಮಕ್ಕಳ ತೋಳಿಗೂ ಚುಚ್ಚಿದ. ಹೆಂಡ್ತಿ ತೋಳು ಊದಿ ತುಂಬ ಕಷ್ಟ ಆಯ್ತು, ಉಳ್ಕೊಂಡ್ಲು. ಊರವರು ಅವನನ್ನ ಬಾಯಿಗೆ ಬಂದಂಗೆ ಬೈದ್ರು, ಪ್ರಾಣಿ ರಸ ಮನುಷ್ಯರಿಗೆ ಹಾಕ್ದ ಅಂತ.

ಜೆನ್ನರ್ ಮಾಡಿದ್ದೇನು ಅಂದ್ರೆ ಅದನ್ನ ಪರೀಕ್ಷೆ ಮಾಡಿ, ಬರೆದು, ಊರಿಗೆಲ್ಲ ಹಂಚಿದ್ದು. ಅದು ಸಣ್ಣ ಕೆಲಸ ಅಂತ ನಾನು ಖಂಡಿತ ಹೇಳ್ತಿಲ್ಲ. ಸಾರಾ ನೆಲ್ಮ್ಸ್ ಅಂತ ಹಾಲು ಕರೆಯೋ ಹುಡುಗಿ, ಅವಳ ಕೈಯಲ್ಲಿ ಮುಳ್ಳು ಗೀರಿದ ಜಾಗದಲ್ಲಿ ಹಸುವಿನಿಂದ ಅಂಟಿದ ಗುಳ್ಳೆ ಎದ್ದಿತ್ತು. ಹಸು ಹೆಸರು ಬ್ಲಾಸಮ್, ಅಂದ್ರೆ ಹೂವು, ನಮ್ಮ ಕಡೆ ಮಲ್ಲಿಗೆ, ಸಂಪಿಗೆ ಅಂತ ಇಟ್ಟಂಗೆ. ಆ ಹಸು ಚರ್ಮ ಇವತ್ತಿಗೂ ಲಂಡನ್ನಿನ ಸೇಂಟ್ ಜಾರ್ಜ್ ಮೆಡಿಕಲ್ ಕಾಲೇಜಿನಲ್ಲಿ ಗೋಡೆಗೆ ನೇತಾಕಿದಾರೆ. ಸಾರಾ ಕೈಯ ರಸ ತಗೊಂಡು ಜೆನ್ನರ್ ಹಾಕಿದ್ದು ಜೇಮ್ಸ್ ಫಿಪ್ಸ್ ಅನ್ನೋ ಹುಡುಗನ ತೋಳಿಗೆ. ಇದೇ ನಾನು ಆಗ್ಲೇ ಕೇಳಿದ ಹೆಸರು. ಜೇಮ್ಸ್ ಫಿಪ್ಸ್. ಬರ್ಕೊಳ್ಳಿ ಮಕ್ಕಳೇ. ತೋಟದ ಕೆಲಸದವನ ಮಗ. ಒಂಬತ್ತನೇ ದಿನಕ್ಕೆ ಸ್ವಲ್ಪ ಚಳಿ, ತಲೆನೋವು, ಊಟ ಸೇರ್ಲಿಲ್ಲ, ಮಾರನೇ ದಿನ ಎದ್ದು ಆಡಿದ. ಆಮೇಲೆ ಜುಲೈ 1ಕ್ಕೆ ಅದೇ ಹುಡುಗನ ತೋಳಿಗೆ ನಿಜವಾದ ಸಿಡುಬಿನ ರಸ ಹಾಕಿದ್ರು, ರೋಗ ಬರುತ್ತಾ ನೋಡೋಣ ಅಂತ. ಬರ್ಲಿಲ್ಲ.

ಇಲ್ಲಿ ಸ್ವಲ್ಪ ನಿಲ್ತೀನಿ. ಡಾಕ್ಟ್ರು ಸ್ವಂತ ಮಗ ಅಲ್ಲ, ಜಮೀನ್ದಾರನ ಮಗ ಅಲ್ಲ, ಕೂಲಿಯವನ ಮಗ. ಇವತ್ತು ಹಾಗೆ ಮಾಡೋಕೆ ಯಾವ ಕಾನೂನೂ ಬಿಡಲ್ಲ, ಬಿಡಬಾರ್ದು ಕೂಡ. ಜೆನ್ನರ್ ಆಮೇಲೆ ಆ ಹುಡುಗ ದೊಡ್ಡವನಾದ್ಮೇಲೆ ಬಾಡಿಗೆ ಇಲ್ದೆ ಇರೋಕೆ ಮನೆ ಕೊಟ್ರು, ಅವರನ್ನ ಮಣ್ಣು ಮಾಡೋ ದಿನ ಫಿಪ್ಸ್ ಬಂದಿದ್ದ. ಕೃತಜ್ಞತೆ ಇತ್ತು, ಇರ್ಲಿಲ್ಲ ಅನ್ನಲ್ಲ. ಆದ್ರೂ ಕೋಟಿಗಟ್ಟಲೆ ಜನರ ಜೀವ ಉಳಿದಿದ್ದು ಆ ಎಂಟು ವರ್ಷದ ತೋಳಿಂದ, ಅವನನ್ನ ಯಾರೂ ಕೇಳ್ಲಿಲ್ಲ.

1798ರಲ್ಲಿ ಪುಸ್ತಕ ಬಂತು. ಲ್ಯಾಟಿನ್ನಲ್ಲಿ ಹಸುಗೆ ವ್ಯಾಕ್ಕಾ ಅಂತಾರೆ, ಅದ್ರಿಂದ ವ್ಯಾಕ್ಸಿನ್. ಆಮೇಲೆ ಪಾಶ್ಚರ್ ಜೆನ್ನರ್ ಗೌರವಕ್ಕೆ ಎಲ್ಲ ರೋಗಗಳ ಲಸಿಕೆಗೂ ಅದೇ ಹೆಸರಿರಲಿ ಅಂದ್ರು, ಹಂಗಾಗಿ ಕೊರೋನಾ ಇಂಜೆಕ್ಷನ್ ಹೆಸರಲ್ಲೂ ಹಸು ಇದೆ. ಜನ ಹೆದರಿದ್ರು ಅಂತ ಬೇರೆ ಹೇಳ್ಬೇಕಾ? 1802ರಲ್ಲಿ ಲಂಡನ್ನಿನ ಒಬ್ಬ ವ್ಯಂಗ್ಯಚಿತ್ರಕಾರ ದಾಕು ಹಾಕ್ಸಿಕೊಂಡೋರ ಮೂಗಲ್ಲಿ, ತೋಳಲ್ಲಿ ಹಸು ಮೊಳೀತಿರೋ ಹಾಗೆ ಚಿತ್ರ ಬರೆದ. ಸುಳ್ಳು ಸುದ್ದಿ ಹರಡೋಕೆ ವಾಟ್ಸಾಪೇ ಬೇಕು ಅಂತಿಲ್ಲ.

ಈಗ ಮುಖ್ಯವಾದ ಪ್ರಶ್ನೆ. ಫ್ರಿಜ್ ಇಲ್ಲ, ಐಸ್ ಇಲ್ಲ, ಈ ರಸ ದೂರದ ದೇಶಕ್ಕೆ ಹೋಗೋದು ಹೇಗೆ? ಒಣಗಿಸಿ ಕಳಿಸಿದ್ರೆ ಬಹಳ ಸಲ ದಾರೀಲೇ ಸತ್ತುಹೋಗ್ತಿತ್ತು. ಒಂದು ಮಗೂಗೆ ಹಾಕಿದ್ರೆ ಎಂಟು ಒಂಬತ್ತು ದಿನಕ್ಕೆ ಗುಳ್ಳೆ ಪಕ್ವ ಆಗುತ್ತೆ, ಅದರ ರಸ ಇನ್ನೊಂದು ಮಗೂಗೆ, ಅದ್ರಿಂದ ಇನ್ನೊಂದಕ್ಕೆ. ಮಕ್ಕಳ ತೋಳೇ ಫ್ರಿಜ್ಜು. 1803ರ ನವೆಂಬರ್ 30ಕ್ಕೆ ಸ್ಪೇನಿಂದ ಬಾಲ್ಮಿಸ್ ಅನ್ನೋ ಡಾಕ್ಟ್ರು ಹಡಗು ಹತ್ತಿದ್ರು, ಜೊತೇಲಿ 22 ಅನಾಥ ಹುಡುಗ್ರು, ಮೂರು ವರ್ಷದಿಂದ ಒಂಬತ್ತು ವರ್ಷದೋರು. ಒಂದು ಸಲಕ್ಕೆ ಇಬ್ರಿಗೆ ಹಾಕೋದು, ಒಂದು ಏಳ್ದಿದ್ರೆ ಇನ್ನೊಂದಿರ್ಲಿ ಅಂತ. ಹಾಗೇ ಅಟ್ಲಾಂಟಿಕ್ ದಾಟಿದ್ರು. ಆ ಮಕ್ಕಳನ್ನ ನೋಡ್ಕೊಳ್ಳೋಕೆ ಇಸಬೆಲ್ ಸೆಂಡಾಲ್ ಅಂತ ಅನಾಥಾಲಯದ ಮೇಲ್ವಿಚಾರಕಿ ಹೋದ್ರು, ತನ್ನ ಮಗನನ್ನೂ ಕರ್ಕೊಂಡು. ಸಮುದ್ರದ ಮೇಲೆ ಮೂರು ವರ್ಷದ ಮಗು, ತೋಳಲ್ಲಿ ಗುಳ್ಳೆ, ಕೆರ್ಕೋಬಾರ್ದು, ಕೆರ್ಕೊಂಡ್ರೆ ಒಂದು ಖಂಡದ ಲಸಿಕೆ ಹೋಯ್ತು! ರಾತ್ರಿ ಎಲ್ಲ ಆ ಕೈಗಳನ್ನ ಹಿಡ್ಕೊಂಡು ಕೂತಿರೋಳು ಆ ತಾಯಿ ಅಂತ ನನಗನ್ಸುತ್ತೆ, ನಾನು ಸಿಸ್ಟರ್ ಆಗಿದ್ದೋಳು, ನನಗೆ ಆ ಕೆಲಸ ಗೊತ್ತು.

ನಮ್ಮ ದೇಶಕ್ಕೂ ಬಂತು, ವಿಯೆನ್ನಾ, ಬಾಗ್ದಾದ್, ಬಸ್ರಾ, ಅಲ್ಲಿಂದ ಹಡಗಲ್ಲಿ ಬೊಂಬಾಯಿ. 1802ರ ಜೂನ್ 14ಕ್ಕೆ ಬೊಂಬಾಯಲ್ಲಿ ಅನ್ನಾ ಡಸ್ಟ್‌ಹಾಲ್ ಅನ್ನೋ ಮೂರು ವರ್ಷದ ಹುಡುಗಿಗೆ ಹಾಕಿದ್ರು. ಇಡೀ ಇಂಡಿಯಾದಲ್ಲಿ ದಾಕು ಎದ್ದ ಮೊದಲ ತೋಳು ಅದು. ಅವಳ ಗುಳ್ಳೆಯಿಂದ ಬೇರೆ ಮಕ್ಕಳಿಗೆ, ಅವರಿಂದ ಬೇರೆ ಊರುಗಳಿಗೆ. ನನಗೆ ಅವಳ ಹೆಸರಲ್ಲಿ ಒಂದು ಬೀದಿ ಇರ್ಬೇಕು ಅನ್ಸುತ್ತೆ.

ನಮ್ಮ ಮೈಸೂರಿಗೆ ಬಂದಿದ್ದು ಇನ್ನೂ ಚೆಂದ. 1805ರ ಸುಮಾರಿಗೆ ಥಾಮಸ್ ಹಿಕ್ಕಿ ಅನ್ನೋ ಕಲಾವಿದ ಬರೆದ ತೈಲಚಿತ್ರ ಒಂದಿದೆ, ಒಡವೆ ಹಾಕ್ಕೊಂಡು ಮೂರು ಜನ ಹೆಂಗಸ್ರು ನಿಂತಿದಾರೆ. ಬಹಳ ಕಾಲ ಯಾರೋ ನರ್ತಕಿಯರು ಅಂದ್ಕೊಂಡಿದ್ರು. ನೈಜೆಲ್ ಚಾನ್ಸೆಲರ್ ಅನ್ನೋ ಇತಿಹಾಸಕಾರರು ಅವ್ರು ಮೈಸೂರು ಅರಮನೆಯವರು, ಬಲಗಡೆ ನಿಂತಿರೋರು ಮುಮ್ಮಡಿ ಕೃಷ್ಣರಾಜ ಒಡೆಯರ ಚಿಕ್ಕ ವಯಸ್ಸಿನ ರಾಣಿ ದೇವಾಜಮ್ಮಣ್ಣಿ ಅಂತ ವಾದ ಮಾಡಿದಾರೆ. ಆಕೆ ಸೆರಗು ಒಂಚೂರು ಸರಿಸಿ ಎಡತೋಳಿನ ಕಡೆ ಬೆರಳು ತೋರ್ಸ್ತಿದಾರೆ, ದಾಕು ಹಾಕ್ಸಿಕೊಂಡ ಜಾಗ ನೋಡಿ ಅಂತ. ಎಡಗಡೆ ಇರೋರ ಮೂಗು ಬಾಯಿ ಸುತ್ತ ಬಣ್ಣ ಕಂದಿದೆ, ಅದು ಹಳೇ ಕಾಲದ ಮೂಗಿಗೆ ಊದಿಸ್ಕೊಂಡ ಗುರುತಿರ್ಬೇಕು ಅಂತ ಅವರ ಊಹೆ. ಇದು ನಿಜ ಆಗಿದ್ರೆ, ಅಂತಃಪುರದ ಹೆಣ್ಣುಮಗಳು, ಪರಪುರುಷರ ಮುಂದೆ ಬರದೇ ಇರೋಳು, ಜನ ನೋಡ್ಲಿ ಅಂತ ತೋಳು ತೋರ್ಸಿದಾಳೆ! ಒಂದೇ ಕಾಯಿಲೆ, ಎರಡು ಕಾಲ, ಎರಡು ವಿಧಾನ, ಒಂದೇ ಚಿತ್ರದಲ್ಲಿ.

ಟೈಮೆಷ್ಟಾಯ್ತು? ಸರಿ, ಈಗ ನಮ್ಮಪ್ಪನ ಕಥೆ, ಇದನ್ನ ಮಾತ್ರ ನಾನು ಮೊಟಕು ಮಾಡಲ್ಲ.

ನಮ್ಮಪ್ಪ ವ್ಯಾಕ್ಸಿನೇಟರ್. ಊರವರ ಬಾಯಲ್ಲಿ ದಾಕು ಹಾಕೋ ಅಯ್ಯ. ಆಗಿನ್ನೂ ಇದೆಲ್ಲ ಕೋಲಾರ ಜಿಲ್ಲೆ. ಖಾಕಿ ಚೀಲ, ಸೈಕಲ್ಲು, ಚೀಲದೊಳಗೆ ಸ್ಪಿರಿಟ್ ಲ್ಯಾಂಪು, ರಿಜಿಸ್ಟರು, ಲಸಿಕೆ, ಮತ್ತೆ ಈ ಡಬ್ಬಿ. ಇದೇ ಡಬ್ಬಿ, ತಂದಿದೀನಿ ನೋಡಿ. ಇದ್ರೊಳಗೆ ಇರೋದು ಲ್ಯಾನ್ಸೆಟ್ಟು, ಹಿಡಿ ತುದೀಲಿ ಹುರುಳಿಕಾಳಷ್ಟು ಚಕ್ರ, ಅದಕ್ಕೆ ಸಣ್ಣ ಸಣ್ಣ ಹಲ್ಲು. ತೋಳಿನ ಮೇಲೆ ಒಂದು ಹನಿ ಲಸಿಕೆ ಇಟ್ಟು, ಇದನ್ನ ಒತ್ತಿ ಗಿರ್ರಂತ ತಿರುಗಿಸೋದು. ಮಕ್ಕಳು ಕಿರುಚಿದ್ದು ಪಕ್ಕದ ಊರಿಗೆ ಕೇಳ್ಸೋದು.

1969ರ ಬೇಸಿಗೆ, ನನಗೆ ಏಳು ವರ್ಷ. ರಜಾ ಬಂದ್ರೆ ಅಪ್ಪ ನನ್ನನ್ನ ಸೈಕಲ್ ಮುಂದಿನ ಬಾರಿನ ಮೇಲೆ ಕೂರ್ಸಿಕೊಂಡು ಹೋಗ್ತಿದ್ರು, ನಾನು ಅಪ್ಪಂಗೆ ಸಹಾಯ ಮಾಡ್ತಿದೀನಿ ಅನ್ಕೊಂಡಿದ್ದೆ. ಅವತ್ತು ಬಾಗೇಪಲ್ಲಿ ಕಡೆ ಒಂದು ಹಳ್ಳಿ, ಬೆಟ್ಟದ ಬುಡದಲ್ಲಿ, ಎಲ್ಲ ತೆಲುಗು ಮಾತಾಡೋರು. ನಾವು ಊರ ಹುಣಸೇಮರದ ಹತ್ರ ಬರೋಷ್ಟರಲ್ಲೇ ಯಾರೋ ಕೂಗಿದ್ರು, ಬೀದಿ ಖಾಲಿ, ಬಾಗಿಲೆಲ್ಲ ಮುಚ್ತು. ಒಂದೇ ಒಂದು ಮನೆ ಬಾಗಿಲು ತೆಗೆದಿತ್ತು, ಹೊಸ್ತಿಲಲ್ಲಿ ಅಜ್ಜಿ ಕೂತಿತ್ತು, ಕಾಲು ನೀಡ್ಕೊಂಡು. ಅಪ್ಪ ಮಕ್ಕಳಿದಾರಾ ಅಮ್ಮ ಅಂದ್ರು. "ಇಂಟ್ಲೋ ಪಿಲ್ಲಲು ಎವರೂ ಲೇರು ಸಾಮಿ" ಅಂತು. ಮಕ್ಕಳೇ ಇಲ್ವಂತೆ. ಅಂಗಳದಲ್ಲಿ ಎರಡು ಜೊತೆ ಪುಟ್ಟ ಚಡ್ಡಿ ಒಣಗ್ತಿತ್ತು.

ಅಪ್ಪ ಜೋರು ಮಾಡ್ಲಿಲ್ಲ. ಸರಿ ತಾಯಿ, ಮಗೂಗೆ ಬಾಯಾರಿದೆ, ಒಂದು ಲೋಟ ಮಜ್ಜಿಗೆ ಕೊಡು ಅಂತ ಜಗುಲಿ ಮೇಲೆ ಕೂತ್ರು. ಮಜ್ಜಿಗೆ ಕುಡಿದಾಯ್ತು, ಅಪ್ಪ ಏಳಲ್ಲ. ಮಳೆ ಬೆಳೆ ಮಾತಾಡ್ತಾರೆ, ಹಸು ಎಷ್ಟು ಹಾಲು ಕೊಡುತ್ತೆ ಅಂತಾರೆ. ಅಷ್ಟರಲ್ಲಿ ಒಳಗೆ ಮೂಲೇಲಿದ್ದ ರಾಗಿ ವಾಡೆ ಸೀನ್ತು. ಆಳೆತ್ತರದ ಮಣ್ಣಿನ ವಾಡೆ, ಮೇ ತಿಂಗ್ಳು, ರಾಗಿ ತಳ ಕಂಡಿತ್ತು, ಅದ್ರೊಳಗೆ ಇಬ್ರು ಮೊಮ್ಮಕ್ಕಳನ್ನ ಇಳಿಸಿ ಮೇಲೆ ಗೋಣಿ ಮುಚ್ಚಿದಾರೆ, ರಾಗಿ ಧೂಳು ಮೂಗಿಗೆ ಹೋಗಿದೆ. ಇನ್ನೊಂದು ಸೀನು. ನಾನು ನಗೋಕೆ ಶುರು ಮಾಡ್ದೆ, ಅಪ್ಪ ನನ್ನ ಕಡೆ ನೋಡಿದ ನೋಟಕ್ಕೆ ನಗು ನಿಂತೋಯ್ತು.

ಅಜ್ಜಿ ಅತ್ತುಬಿಡ್ತು. ದಾಕು ಹಾಕ್ಸಿದ್ರೆ ಅಮ್ಮೋರಿಗೆ ಕೋಪ ಬರುತ್ತೆ, ನನ್ನ ಮಗಳೊಬ್ಳನ್ನ ಆಗ್ಲೇ ತಗೊಂಡೋಗಿದಾಳೆ, ಇವೆರಡೇ ಉಳಿದಿರೋದು ಅಂತು. ಅಪ್ಪ ಹೇಳಿದ ಮಾತು ನನಗೆ ಇವತ್ತಿಗೂ ಕಿವೀಲಿದೆ: "ಅವಳನ್ನ ಬರ್ಬೇಡ ಅಂತ ಯಾರಂದ್ರು ತಾಯಿ? ದೊಡ್ಡದಾಗಿ ಬಂದ್ರೆ ನಾವು ತಡ್ಕೊಳಲ್ಲ. ಒಂದು ಕಾಳಷ್ಟು ಬಾ, ತೋಳಲ್ಲಿ ಮೂರು ವಾರ ಇದ್ದು ಹೋಗು ಅಂತ ಕರೀತಿದೀನಿ." ಹಾಗಂದು ನನ್ನನ್ನ ಹತ್ರ ಕರೆದು, ಲಂಗದ ಜಾಕೀಟಿನ ತೋಳು ಮೇಲಕ್ಕೆ ಸರಿಸಿ, ಲ್ಯಾನ್ಸೆಟ್ ದೀಪಕ್ಕೆ ಹಿಡಿದು ಆರ್ಸಿ, ಆ ಅಜ್ಜಿ ಕಣ್ಮುಂದೆ ನನಗೆ ಹಾಕಿದ್ರು. ನೋವು. ಆದ್ರೂ ಅಳ್ಬಾರ್ದು ಅಂತ ನನಗೆ ಗೊತ್ತಿತ್ತು, ಅತ್ರೆ ಅಪ್ಪನ ಕೆಲಸ ಕೆಟ್ಟೋಗುತ್ತೆ. ಅಜ್ಜಿ ನನ್ನನ್ನೇ ನೋಡ್ತು, ನನ್ನ ತೋಳು ಹಿಡಿದು ಊದ್ತು, ಆಮೇಲೆ ಎದ್ದು ಹೋಗಿ ಗೋಣಿ ತೆಗೀತು. ಎರಡು ಹುಡುಗ್ರು ಮೈಯೆಲ್ಲ ರಾಗಿ ಧೂಳು, ಕಣ್ಣು ಮಾತ್ರ ಹೊಳೀತಾ ಇದ್ವು. ಸಂಜೆ ಹೊತ್ಗೆ ಇಡೀ ಊರಿನ ಬಾಗಿಲು ತೆಗೀತು.

ಅದು ಮೊದಲ್ನೇ ಊರಲ್ಲ, ಕೊನೇದೂ ಅಲ್ಲ. ಆ ಬೇಸಿಗೇಲಿ ಬಾಗಿಲು ತೆಗೀದೇ ಇದ್ದ ಊರಲ್ಲೆಲ್ಲ ನನ್ನ ತೋಳು. ಕೆಲವು ಎದ್ವು, ಕೆಲವು ಏಳ್ಲಿಲ್ಲ. ಎಡಗೈಲಿ ನಾಲ್ಕು, ಬಲಗೈಲಿ ಎರಡು ಕಲೆ ಇದೆ, ಆಮೇಲೆ ಬಂದು ನೋಡಿ. ದೊಡ್ಡೋಳಾದ್ಮೇಲೆ ಅಪ್ಪನನ್ನ ಒಂದ್ಸಲ ಕೇಳ್ದೆ, ನನ್ನನ್ನ ಯಾಕೆ ಕರ್ಕೊಂಡು ಹೋಗ್ತಿದ್ರಿ ಅಂತ. ಸುಮ್ನಾದ್ರು. ಆಮೇಲೆ, "ನನ್ನ ತೋಳಿಗೆ ಹಾಕ್ಕೊಂಡ್ರೆ ಸರ್ಕಾರದೋನು ಅಂತ ನಂಬ್ತಿರ್ಲಿಲ್ಲ ಕಣಮ್ಮ" ಅಂದ್ರು. ನನಗೆ ಕೋಪ ಬಂತಾ ಅಂದ್ರೆ, ಒಂದು ದಿನ ಬಂತು. ಆಮೇಲೆ ಆ ವಾಡೆಯಿಂದ ಎದ್ದ ಎರಡು ಮುಖ ನೆನಪಾಯ್ತು. ಜೇಮ್ಸ್ ಫಿಪ್ಸ್ ಹೆಸರು ನಾನು ಮರೀದೇ ಇರೋದು ಯಾಕೆ ಅಂತ ಈಗ ಗೊತ್ತಾಯ್ತಲ್ಲ.

ಚೀಟಿ ಬಂತು, ಹತ್ತು ನಿಮಿಷ ಅಂತೆ. ಬೇಗ ಬೇಗ ಹೇಳ್ತೀನಿ. 1962ರಲ್ಲಿ ನಮ್ಮ ದೇಶದಲ್ಲಿ ಸಿಡುಬು ನಿರ್ಮೂಲನ ಕಾರ್ಯಕ್ರಮ ಶುರುವಾಯ್ತು, ನಾನು ಹುಟ್ಟಿದ ವರ್ಷ, ಮೂರು ವರ್ಷದಲ್ಲಿ ನೂರಕ್ಕೆ ಎಂಬತ್ತು ಜನಕ್ಕೆ ಹಾಕಿದ್ರೆ ರೋಗ ಹೋಗುತ್ತೆ ಅಂತ ಲೆಕ್ಕ. ಹೋಗ್ಲಿಲ್ಲ. ಲೆಕ್ಕದಲ್ಲಿ ಸಿಗೋರಿಗೇ ಮತ್ತೆ ಮತ್ತೆ ಹಾಕಿದ್ದು, ಶಾಲೆ ಮಕ್ಕಳಿಗೆ ಮೂರು ಸಲ, ವಾಡೆಯೊಳಗಿರೋ ಮಕ್ಕಳಿಗೆ ಒಂದ್ಸಲವೂ ಇಲ್ಲ. 1967ರಿಂದ ವಿಶ್ವ ಆರೋಗ್ಯ ಸಂಸ್ಥೆ ಜೋರಾಗಿ ಹಿಡಿದ್ರು. ಅಷ್ಟೊತ್ತಿಗೆ ಬಿಸಿಲಲ್ಲೂ ಕೆಡದ ಒಣ ಲಸಿಕೆ ಬಂದಿತ್ತು, ನಮ್ಮ ದೇಶದಲ್ಲೂ ತಯಾರು ಮಾಡ್ತಿದ್ರು, ಆಮೇಲೆ ಈ ಎರಡು ಕವಲಿನ ಸೂಜಿ. ಇದು ನೋಡಿ, ಇಷ್ಟೇ. ತುದೀಲಿ ಎರಡು ಕವಲು, ಅದರ ಸಂದೀಲಿ ಒಂದು ಹನಿ ನಿಲ್ಲುತ್ತೆ, ಹದಿನೈದು ಸಲ ಟಕಟಕ ಚುಚ್ಚೋದು, ಮುಗೀತು. ಮೊದ್ಲು ಬೇಕಾಗ್ತಿದ್ದುದರ ಕಾಲುಭಾಗ ಲಸಿಕೆ ಸಾಕು. ಅಪ್ಪ ಇದನ್ನ ಮೊದಲ್ನೇ ಸಲ ತಂದ ದಿನ ಅಮ್ಮಂಗೆ ಒಡವೆ ತೋರ್ಸಿದಂಗೆ ತೋರ್ಸಿದ್ರು.

ಆದ್ರೆ ರೋಗ ನಿಂತಿದ್ದು ಸೂಜಿಯಿಂದ ಮಾತ್ರ ಅಲ್ಲ. ಎಲ್ರಿಗೂ ಹಾಕೋ ಬದ್ಲು, ರ‍್ಯಾಷ್ ಇರೋ ಮನೆ ಹುಡುಕಿ, ಅದರ ಸುತ್ತ ಇರೋರಿಗೆಲ್ಲ ತಕ್ಷಣ ಹಾಕಿ ಬೇಲಿ ಕಟ್ಟೋದು, ವಿಲಿಯಂ ಫೇಗಿ ಅನ್ನೋ ಡಾಕ್ಟ್ರು 1966ರಲ್ಲಿ ನೈಜೀರಿಯಾದಲ್ಲಿ ಲಸಿಕೆ ಸಾಲದೆ ಹೀಗೆ ಮಾಡಿ ನೋಡಿದ್ರು, ನಡೀತು. ಸಿಡುಬಿಗೆ ಮನುಷ್ಯನ ಮೈ ಬಿಟ್ರೆ ಬೇರೆ ಮನೆ ಇಲ್ಲ, ಪ್ರಾಣಿಗಳಲ್ಲಿ ಅಡಗಲ್ಲ, ಮುಂದಿನ ಮೈ ಸಿಗದಿದ್ರೆ ಅಲ್ಲಿಗೆ ಮುಗೀತು. ಸೋಂಕು ತಗುಲಿ ಮೂರು ನಾಲ್ಕು ದಿನದೊಳಗೆ ಹಾಕಿದ್ರೂ ಬಹಳಷ್ಟು ಸಲ ತಡೆಯೋದು. ಆದ್ರೆ ಮನೆ ಹುಡುಕ್ಬೇಕಲ್ಲ! 1973ರಿಂದ ಉತ್ತರದ ರಾಜ್ಯಗಳಲ್ಲಿ ಮನೆಮನೆ ಹುಡುಕಾಟ, ಕೈಲಿ ಸಿಡುಬಾದ ಮಗುವಿನ ಫೋಟೋ ಕಾರ್ಡು, ಇಂಥದ್ದು ಎಲ್ಲಾದ್ರೂ ಕಂಡ್ರಾ ಅಂತ. ಹೇಳಿದೋರಿಗೆ ಬಹುಮಾನ, ಕೊನೆಕೊನೆಗೆ ಸಾವಿರ ರೂಪಾಯಿ. ರೋಗಿ ಮನೆ ಬಾಗಿಲಲ್ಲಿ ಹಗಲೂ ರಾತ್ರಿ ಕಾವಲು. 1974ರಲ್ಲಿ ಬಿಹಾರದಲ್ಲಿ ದೊಡ್ಡ ಹಾವಳಿ, ಆ ವರ್ಷ ದೇಶದಲ್ಲಿ ಒಂದೂ ಮುಕ್ಕಾಲು ಲಕ್ಷದ ಮೇಲೆ ಜನಕ್ಕೆ ಬಂತು, ಮೂವತ್ತು ಸಾವಿರದ ಮೇಲೆ ಸತ್ರು. ಮಾರನೇ ವರ್ಷ, 1975ರ ಮೇ ತಿಂಗ್ಳಲ್ಲೇ, ಅಸ್ಸಾಮಿನ ಕರೀಂಗಂಜಲ್ಲಿ ಸೈಬಾನ್ ಬೀಬಿ ಅನ್ನೋ ಹೆಣ್ಣುಮಗಳು ಕೊನೆ ರೋಗಿ. ಒಂದೇ ವರ್ಷದಲ್ಲಿ! ಇದನ್ನ ಯಾವ ಡಾಕ್ಟ್ರು ಒಬ್ರೇ ಮಾಡೋಕಾಗುತ್ತೆ? ಬಾಗಿಲು ಬಡಿದೋರು, ಬಾಗಿಲು ತೆಗೆದೋರು ಮಾಡಿದ್ದು.

ತಾನಾಗೇ ಹರಡಿ ಬಂದ ಸಿಡುಬಲ್ಲಿ ಪ್ರಪಂಚದ ಕೊನೇದು 1977ರ ಅಕ್ಟೋಬರ್, ಸೊಮಾಲಿಯಾದ ಮೆರ್ಕಾ ಊರಿನ ಆಸ್ಪತ್ರೆ ಅಡುಗೆಯವರು ಅಲಿ ಮಾವ್ ಮಾಲಿನ್. ಅವ್ರು ಬದುಕಿದ್ರು, ಮತ್ತೆ, ಆಶಾ ಅಕ್ಕಂದಿರೇ ಇದು ನಿಮಗೋಸ್ಕರ, ಆ ಮನುಷ್ಯ ಆಮೇಲೆ ಪೋಲಿಯೋ ಹನಿ ಕೆಲಸಕ್ಕೆ ಸೇರಿ, ನಾನು ದಾಕು ತಪ್ಪಿಸ್ಕೊಂಡಿದ್ದೆ, ನೀವು ತಪ್ಪಿಸ್ಕೋಬೇಡಿ ಅಂತ ತಾಯಂದ್ರಿಗೆ ಹೇಳ್ತಾ ತಿರುಗಿದ್ರು, 2013ರಲ್ಲಿ ಆ ಕೆಲಸ ಮಾಡ್ತಾ ಇರೋವಾಗ್ಲೇ ತೀರ್ಕೊಂಡ್ರು. 1980ರ ಮೇ 8ಕ್ಕೆ ಸಿಡುಬು ಹೋಯ್ತು ಅಂತ ಘೋಷಣೆ. ಇಪ್ಪತ್ತನೇ ಶತಮಾನ ಒಂದರಲ್ಲೇ ಸುಮಾರು ಮೂವತ್ತು ಕೋಟಿ ಜನರನ್ನ ತಿಂದಿದ್ದ ರೋಗ. ಈಗ ವೈರಸ್ಸು ಅಮೆರಿಕದಲ್ಲಿ ಒಂದು, ರಷ್ಯಾದಲ್ಲಿ ಒಂದು ಲ್ಯಾಬಲ್ಲಿ ಬೀಗ ಹಾಕಿ ಇಟ್ಟಿದಾರೆ, ಅದರ ಬಗ್ಗೆ ಮಾತಾಡೋಕೆ ಇವತ್ತು ಟೈಮಿಲ್ಲ. ಲಸಿಕೆಯೊಳಗಿದ್ದ ವೈರಸ್ಸು ಹಸುವಿನದಕ್ಕಿಂತ ಕುದುರೆ ಸಿಡುಬಿಗೆ ಹತ್ರ ಅಂತ ಈಗಿನ ಸಂಶೋಧನೆ, ಅದನ್ನೂ ಹೇಳ್ಬೇಕಂತಿದ್ದೆ, ಬಿಡಿ.

ದಡಾರದ ವಿಷಯ ಮಾತ್ರ ಹೇಳದೇ ಇಳಿಯಲ್ಲ. ಸಿಡುಬಿಗಿಂತ ವೇಗವಾಗಿ ಹರಡುತ್ತೆ ಅದು, ನೂರಕ್ಕೆ ತೊಂಬತ್ತೈದು ಮಕ್ಕಳಿಗೆ ಎರಡೂ ಡೋಸ್ ಆಗಿದ್ರೆ ಮಾತ್ರ ನಿಲ್ಲೋದು. ಕೆಲಸಕ್ಕೆ ಊರೂರು ಹೋಗೋರ ಮಕ್ಕಳೇ ತಪ್ಪಿಹೋಗೋದು. ಅಂಥ ಮನೆಗೆ ಹೋದಾಗ ಬೈಬೇಡಿ ಅಕ್ಕಂದಿರೇ, ಕಾರ್ಡ್ ಎಲ್ಲಿ ಅಂತ ಮೊದಲ ಮಾತೇ ಕೇಳ್ಬೇಡಿ. ಒಂದು ಲೋಟ ಮಜ್ಜಿಗೆ ಕೇಳಿ. ಕೂತ್ಕೊಳ್ಳಿ. ಆ ವಠಾರದ ತಾಯಿ ಇವತ್ತು ಇಲ್ಲಿ ಬಂದಿದಾರೆ, ಹಿಂದಿನ ಸಾಲಲ್ಲಿ ಮಗೂನ ಎತ್ಕೊಂಡು ನಿಂತಿದಾರೆ. ಬಾಮ್ಮ, ಮುಂದೆ ಕುರ್ಚಿ ಖಾಲಿ ಇದೆ, ಕೂತ್ಕೋ.

ಮೋಡ ಕಟ್ಟಿದೆ, ಮಳೆ ಬರೋ ಹಾಗಿದೆ. ಬಾಗೇಪಲ್ಲಿ ಕಡೆ ಹೋಗೋರು ಹೊರಡಿ, ಬಸ್ಸು ನಿಮಗೋಸ್ಕರ ನಿಲ್ಲಲ್ಲ. ಡಬ್ಬಿ ಇಲ್ಲೇ ಮೇಜಿನ ಮೇಲೆ ಇಟ್ಟಿರ್ತೀನಿ, ಮಕ್ಕಳು ಬಂದು ನೋಡ್ಲಿ, ಮುಟ್ಲಿ, ಹಲ್ಲು ಈಗ ಮೊಂಡಾಗಿದೆ, ಏನೂ ಆಗಲ್ಲ. ಅರವತ್ತು ದಾಟಿದೋರು ಸ್ವಲ್ಪ ತೋಳು ಮೇಲಕ್ಕೆ ಮಾಡಿ ಆ ಮಕ್ಕಳಿಗೆ ಕಲೆ ತೋರ್ಸಿ, ಯಾವ ಊರಲ್ಲಿ ಹಾಕಿದ್ರು ಅಂತ ಹೇಳಿ. ಗುಡಿಬಂಡೆ, ಬಾಗೇಪಲ್ಲಿ ಕಡೆಯೋರಾದ್ರೆ ನನಗೂ ತೋರ್ಸಿ, ಬಹುಶಃ ನಮ್ಮಪ್ಪನೇ ಹಾಕಿರ್ತಾರೆ.